ಆರಾಮ ಎಂದವರನ್ನು ಹೊರಗೆ ಕಳಿಸುವ ಮನೆ

ಗದಗ, ಇಸವಿ ೨೧೮೭, ಹದಿಮೂರನೆಯ ತಿಂಗಳ ನಾಲ್ಕು

ನಮಗಿಂತ ಮೊದಲು ಬದುಕಿದವರಿಗೆ,

ಮಾರಾಟವಾಗಿ ಮರಳಿ ಬಂದ ಮಕ್ಕಳನ್ನು ನಾವು "ಆರಾಮ" ಎಂಬ ಒಂದು ಮಾತಿಗೆ ಮತ್ತೆ ಬೀದಿಗೆ ಹಾಕುತ್ತಿದ್ದೇವೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬೇಸಿಗೆ ಉದ್ದವಾದ ಮೇಲೆ ನಾವು ವರ್ಷಕ್ಕೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಿಕೊಂಡೆವು. ಪದಗಳನ್ನೂ ಹಾಗೆಯೇ ಸೇರಿಸಿಕೊಂಡೆವು.

ನನ್ನ ಹೆಸರು ಗುರುಬಾಯಿ. ಬಿಡಿಸಿ ತಂದ ಮಕ್ಕಳನ್ನು ಇರಿಸುವ ಮನೆಗೆ ನಾವು ಮರುಮನೆ ಎನ್ನುತ್ತೇವೆ. ನಾನು ಅಲ್ಲಿ ಕೆಲಸಕ್ಕಿದ್ದೇನೆ. ಅಡುಗೆಮನೆಯಲ್ಲಿ ಪಾಚಿಹಿಟ್ಟಿನ ರೊಟ್ಟಿ ಬಡಿಯುತ್ತೇವೆ, ಮಾಳಿಗೆಯ ಮೇಲೆ ಬಲೆ ಕಟ್ಟಿ ಮಂಜಿನಿಂದ ನೀರು ಇಳಿಸುತ್ತೇವೆ. ಮಲಗುವ ಕೋಣೆಗಳ ಚಿಲಕ ಒಳಗಡೆಗೆ ಮಾತ್ರ ಇದೆ. ಅದೊಂದು ಒಳ್ಳೆಯ ನಿಯಮ. ಪ್ರತಿ ಮುಂಜಾನೆ ಕೇಳುಗೋಡೆ, ಅಂದರೆ ದನಿಯಿರುವ ಗೋಡೆ, ಒಬ್ಬೊಬ್ಬರನ್ನೇ "ಆರಾಮ ಅದೀಯೇನವಾ?" ಎಂದು ವಿಚಾರಿಸುತ್ತದೆ. ಒಂದು ತಿಂಗಳು ಬಿಡದೆ "ಆರಾಮ" ಎಂದವರು ಗುಣವಾದರೆಂದು ಲೆಕ್ಕ. ಅವರ ಹಾಸಿಗೆ ಇನ್ನೊಬ್ಬರಿಗೆ.

ನಿಂಬೆವ್ವನಿಗೆ ಹದಿನಾರು. ಚಿಕ್ಕವಳಿದ್ದಾಗ ಸೋದರಮಾವನೇ ಅವಳನ್ನು ಬಿಸಿಲುಹೊಲಕ್ಕೆ ಮಾರಿದ. ಬಿಸಿಲಿನಿಂದ ವಿದ್ಯುತ್ ಬೆಳೆಯುವ ಗಾಜಿನ ಬಯಲು ಅದು; ಗಾಜಿನ ಸಂದಿ ಒರೆಸಲು ಸಣ್ಣ ಕೈ ಬೇಕು. ಅಲ್ಲಿಯೂ ದಿನವೂ ಇದೇ ಪ್ರಶ್ನೆ ಕೇಳುತ್ತಿದ್ದರು. ಆರಾಮಿಲ್ಲ ಎಂದವರಿಗೆ ಏಟು. ಈಗಲೂ ಅವಳು ರೊಟ್ಟಿಯ ಚೂರನ್ನು ದಿಂಬಿನೊಳಗೆ ತುರುಕುತ್ತಾಳೆ. ಹೊರಗೆ ಗಾಡಿ ನಿಂತ ಸದ್ದಾದರೆ ಮಂಚದ ಕೆಳಗೆ ಸೇರುತ್ತಾಳೆ. ಗೋಡೆ ಕೇಳಿದರೆ ಅಲ್ಲಿಂದಲೇ ನಗುತ್ತಾ ಹೇಳುತ್ತಾಳೆ: "ಆರಾಮ ಅದೀನ್ರಿ."

"ಒಂದ್ಸಲ ಆರಾಮಿಲ್ಲ ಅನ್ನ ನಮ್ಮವ್ವಾ," ಎಂದು ಬೇಡಿಕೊಂಡೆ.

"ಭಾಳ ಶ್ಯಾಣೇಕಿ ಅದಿ ಬಿಡ ಅಕ್ಕಾ. ಏಟಿನ ಬಾಸುಂಡಿ ಎದ್ರ ನಿನ್ನ ಬೆನ್ನಮ್ಯಾಲ ಏಳ್ತಾವೇನ?" ಎಂದು ನಕ್ಕಳು.

ಮನೆಯ ಹಿರಿಯರಾದ ಸುಶೀಲಾಬಾಯಿಯವರೊಂದಿಗೆ ಜಗಳ ತೆಗೆದೆ. ಬಿಡಿಸಿ ತಂದ ಹುಡುಗಿಯರ ಪರವಾಗಿ ನಾವು ಹಂಚುವ ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಕೂಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಅಕಿ ಬಾಯಿಲೇ ಹೇಳ್ಯಾಳವಾ. ಹುಡುಗೀರ ಮಾತು ನಂಬ್ರಿ ಅಂತ ನಿನ್ನ ಕರಪತ್ರದಾಗೇ ಬರದೈತಲ್ಲ? ಈಗ ನಂಬಬ್ಯಾಡ ಅಂತೀ?"

ಬರೆದಿರುವುದು ನಿಜ.

ಹೊರಗೆ ಹೋದವರಲ್ಲಿ ಹೆಚ್ಚಿನವರು ಮತ್ತೆ ಬಿಸಿಲುಹೊಲ ಸೇರುತ್ತಾರೆ. ದಲ್ಲಾಳಿಗಳಿಗೆ ನಮ್ಮ ನಿಯಮ ಗೊತ್ತು. ಗೇಟಿನಾಚೆ ಗಾಡಿ ನಿಲ್ಲಿಸಿಕೊಂಡು ಹೆಸರು ಹಿಡಿದು ಕರೆಯುತ್ತಾರೆ. ಆರಾಮೇನವಾ, ಬಾ, ಊಟ ಮಾಡೂಣು ಎನ್ನುತ್ತಾರೆ. ಬೇರೆ ಯಾರೂ ಕರೆಯಲು ಬಂದಿರುವುದಿಲ್ಲ.

ಬಿಡಿಸಿ ತಂದ ದಿನವೇ ಕೆಲಸ ಮುಗಿಯಿತೆಂದು ನಂಬುವ ಅಭ್ಯಾಸ ನಿಮ್ಮಿಂದ ಬಂದಿತೆನ್ನುತ್ತಾರೆ. ನಿಜವೋ ಸುಳ್ಳೋ ನಿಮಗೇ ಗೊತ್ತು. ನೀವು ಇದನ್ನು ಓದಿದರೂ ನಿಂಬೆವ್ವ ಉಳಿಯುವುದಿಲ್ಲ. ಆ ಭ್ರಮೆ ನನಗಿಲ್ಲ. ಬರುವ ವಾರ ಅವಳನ್ನು ಕಳಿಸುತ್ತಾರೆ. ನಾನು ಗಾಡಿಗೂ ಅವಳಿಗೂ ನಡುವೆ ನಿಲ್ಲುತ್ತೇನೆ. ದಲ್ಲಾಳಿಗಳು ನಾಲ್ಕೈದು ಮಂದಿ ಇರುತ್ತಾರೆ, ನಾನು ಒಬ್ಬಳು. ತಳ್ಳಿದರೆ ಬೀಳುತ್ತೇನೆ.

ನಿಮ್ಮ ಊರಿನಲ್ಲೂ ಇಂಥದೊಂದು ಗೇಟು ಇದ್ದೇ ಇರುತ್ತದೆ. ನೀವು ಅಲ್ಲಿ ನಿಲ್ಲಿ, ನಾನು ಇಲ್ಲಿ ನಿಲ್ಲುತ್ತೇನೆ. ಹೊರಗೆ ಬಂದ ಹುಡುಗಿಯನ್ನು ಹೇಗಿದ್ದೀಯೆಂದು ಕೇಳಬೇಡಿ. ಜೊತೆಗೆ ನಡೆಯಿರಿ, ವರ್ಷಗಟ್ಟಲೆ ನಡೆಯಿರಿ. ತಡಮಾಡಬೇಡಿ, ಗಾಡಿಯವರು ಎಂದೂ ತಡಮಾಡುವುದಿಲ್ಲ. ನಿಂಬೆವ್ವನನ್ನು ಕಳಿಸುವುದು ಸೋಮವಾರ, ಬೆಳಗ್ಗೆ ಆರು ಗಂಟೆಗೆ.