ಪಟ್ಟಿಯಲ್ಲಿ ಮಾವನವರ ಹೆಸರು

ನರೀನ್
ಜೂನ್ ಹತ್ತು, ಬುಧವಾರ

ನನ್ನ ಬುರುಲ್,

ಚೆನ್ನಾಗಿದ್ದೀಯಾ? ನಾನಂತೂ ಚೆನ್ನಾಗಿಲ್ಲ ಕಣೇ. ಫೋನಿನಲ್ಲಿ ಹೇಳಿದರೆ ಮಾವನವರ ಕಿವಿಗೆ, ಕಂಪ್ಯೂಟರಿನಲ್ಲಿ ಬರೆದರೆ ಅವರ ಕಣ್ಣಿಗೆ ಬಿದ್ದೀತೆಂದು ಕಾಗದದಲ್ಲಿ ಬರೆದು, ನಿನ್ನ ಬಿಷ್ಕೆಕ್‌ಗೆ ಹೊರಟ ವ್ಯಾನಿನವನ ಕೈಗೆ ಕೊಡುತ್ತಿದ್ದೇನೆ.

ನಕ್ಷೆ ಬಿಡಿಸುವ ಆ ಉಚಿತ ತಂತ್ರಾಂಶಕ್ಕೆ ನಾವೆಲ್ಲ ಸೇರಿ ಕಿರ್ಗಿಜ್ ಭಾಷೆಯಲ್ಲಿ ಕೈಪಿಡಿ ಬರೆದೆವಲ್ಲ, ಅದರಲ್ಲಿ ಬೆಟ್ಟ ಕಣಿವೆಗಳ ಅಧ್ಯಾಯ ಪೂರ್ತಿ ಮಾವನವರದು. ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಚಳಿಗಾಲವಿಡೀ ಒಲೆಯ ಪಕ್ಕ ಕೂತು ಬಿಡಿಗಾಸು ಕೇಳದೆ ಬರೆದರು. ಬರೆದವರ ಪಟ್ಟಿ ಮಾಡಿದ್ದು ನಾನು. ಎಲ್ಲರ ಹೆಸರೂ ಹಾಕಿದೆ, ಅವರದು ಬಂದಾಗ ಕೈ ನಿಂತುಹೋಯಿತು. ಸೊಸೆಯಾದವಳು ಮಾವನ ಹೆಸರೆತ್ತುವುದುಂಟೆ? "ನಮ್ಮ ಹಿರಿಯರು" ಎಂದು ಬರೆದು ಕಳಿಸಿಬಿಟ್ಟೆ.

ಈಗ ಯೋಜನೆ ನಡೆಸುವವರು ತಗಾದೆ ತೆಗೆದಿದ್ದಾರೆ. ಕೈಪಿಡಿಯನ್ನು ಯಾರು ಬೇಕಾದರೂ ಹಂಚಬಹುದು, ತಿದ್ದಬಹುದು ಎಂಬ ಲೈಸೆನ್ಸಿನಡಿ ಬಿಡಬೇಕಾದರೆ ಬರೆದವರು ಹೆಸರು ಸಮೇತ ಒಪ್ಪಿರಬೇಕಂತೆ. ಈ ಹಿರಿಯರು ಯಾರು ಎಂದು ಕೇಳಿದ್ದಾರೆ. ಶುಕ್ರವಾರದೊಳಗೆ ತಿಳಿಸದಿದ್ದರೆ ಆ ಅಧ್ಯಾಯವನ್ನೇ ತೆಗೆದುಹಾಕುತ್ತಾರೆ.

ಮಾವನವರೋ, ತಮ್ಮ ಹೆಸರಿರುವ ಪುಟ ತೋರಿಸಲೆಂದು ಹಳೆಯ ಮೇಷ್ಟ್ರುಗಳನ್ನೆಲ್ಲ ಶನಿವಾರ ಊಟಕ್ಕೆ ಕರೆದಿದ್ದಾರೆ. "ಈ ಮುದುಕಂಗೆ ಈಗ ಹೆಸರಿನ ಹುಚ್ಚು ಹತ್ತಿದೆ, ಬಿಳಿ ಟೋಪಿ ತೊಳೆದಿಡು ಅಂತ ಬೇರೆ" ಎಂದು ಅತ್ತೆ ರೇಗಿಸುತ್ತಾರೆ. ಮಾವನವರು ಗಡ್ಡ ನೀವಿಕೊಳ್ಳುತ್ತಾರೆ. ನನ್ನ ಗಂಡ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾರೆ, ಅಲ್ಲಿ ಫೋನು ಸಿಗುವುದಿಲ್ಲ.

ನೀನೇ ಪಟ್ಟಿಯಲ್ಲಿ ಮಾವನವರ ಹೆಸರು ಟೈಪು ಮಾಡಿಬಿಡು. ನಿನಗೇನು, ನಿನ್ನ ಮಾವ ಅಲ್ಲವಲ್ಲ. ಅವರಿಗೆ ಗೊತ್ತಾಗದ ಹಾಗೆ ಮುಗಿದುಹೋಗಲಿ, ಕೈ ಮುಗಿಯುತ್ತೇನೆ.

ನಿನ್ನ
ಐಜಾರ್ಕಿನ್

ಮತ್ತೊಂದು ಮಾತು: ಕಾಗದ ಮಡಿಸಿದ ಮೇಲೆ ಹೊಳೆಯಿತು. ಇಷ್ಟುದ್ದ ಬರೆದೆ, ಅವರ ಹೆಸರನ್ನೇ ಬರೆದಿಲ್ಲ. ನೀನು ತಾನೆ ಎಲ್ಲಿಂದ ತರುತ್ತೀಯ? ಬೇರೆ ದಾರಿ ಕಾಣದೆ ಖಾಲಿ ಚೀಟಿ ಹಿಡಿದು ಅವರ ಮುಂದೆಯೇ ಹೋಗಿ ನಿಂತೆ, ಎಲ್ಲ ಹೇಳಿದೆ. ಅವರು ನನ್ನ ಕೈಯಿಂದ ಚೀಟಿ ಇಸಿದುಕೊಂಡರು. ಆಮೇಲೆ, "ಆ ಪಟ್ಟಿ ಹೋದ ವಾರಾನೇ ನೋಡ್ದೆ ಕಣಮ್ಮಾ. ನಾನು ಬರ್ದಿದ್ದು ನಿಂಗೆ ಹಿಡಿಸ್ಲಿಲ್ಲ, ಅದಕ್ಕೇ ಹೆಸರು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಊಟಕ್ಕೆ ಬರಬೇಡಿ ಅಂತ ಅವರಿಗೆಲ್ಲ ಹೇಳಿ ಕಳಿಸೋದ್ರಲ್ಲಿದ್ದೆ" ಅಂದರು. ಚೀಟಿಯ ಮೇಲೆ ಒಪ್ಪಿಗೆ ಬರೆದು, ಕೆಳಗೆ ದುಂಡಗೆ ಹೆಸರು ಬರೆದುಕೊಟ್ಟರು. ಇದರೊಳಗೇ ಇಟ್ಟಿದ್ದೇನೆ, ನೋಡಿಕೊಂಡು ಹಾಗೇ ಹಾಕು. ಹೆಸರು ಸರಿಯಾಗಿದೆಯಾ ಎಂದು ನನಗೆ ಮಾತ್ರ ಫೋನಿನಲ್ಲಿ ಕೇಳಬೇಡ.