ಕರಡಿಗೆ ಬಿಚ್ಚಿದ ಕೈ

ಚನ್ನಗಿರಿ
೧೨-೨-೧೯೮೯

ಚಿ. ಸೌ. ಸರ್ವಮಂಗಳೆಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿಮ್ಮಪ್ಪನ ಮಣ್ಣು ಮುಗಿದ ಮೇಲೆ ಎಷ್ಟೋ ಸಲ ಬರೆಯಲು ಕೂತೆ, ಎದ್ದೆ. ತಡವಾಯಿತು, ಬೇಸರಪಡಬೇಡ. ನ್ಯಾಮತಿಯಲ್ಲಿ ಮಕ್ಕಳು ಕ್ಷೇಮವೇ? ನಿನ್ನ ಚಿಕ್ಕಮ್ಮನ ಮಂಡಿನೋವು ಹಾಗೇ ಇದೆ.

ಮೊನ್ನೆ ಆ ದೊಡ್ಡಾಸ್ಪತ್ರೆಗೆ ಒಬ್ಬನೇ ಹೋಗಿದ್ದೆ. ಅಣ್ಣನ ಹೃದಯದ ರಕ್ತನಾಳಕ್ಕೆ ಬಲೂನು ತೂರಿಸಿ ಹಿಗ್ಗಿಸಿದಿರಿ, ಐದಾರು ತಿಂಗಳಿಗೇ ಮತ್ತೆ ಕಿರಿದಾದದ್ದು ಏಕೆ ಎಂದು ಡಾಕ್ಟರನ್ನು ಕೇಳಿದೆ. ಆತ ಕನ್ನಡಕ ಒರೆಸುತ್ತಾ, "ಮೂವರಲ್ಲಿ ಒಬ್ಬರಿಗೆ ಹಾಗಾಗುತ್ತೆ. ಹಿಗ್ಗಿಸಿದ ಗಾಯ ಮಾಯುವಾಗ ಒಳಗೇ ದಪ್ಪವಾಗುತ್ತೆ. ಇನ್ನೊಮ್ಮೆ ಬಲೂನು ಹಾಕಬಹುದಿತ್ತು, ನೀವು ಕರ್ಕೊಂಡು ಬರಲೇ ಇಲ್ಲ" ಎಂದ. ಮೊದಲೇ ಏಕೆ ಹೇಳಲಿಲ್ಲ ಎಂದರೆ, "ಹಳ್ಳಿಯವರು, ಹೆದರ್ತೀರಿ ಅಂತ."

ಹೆದರುತ್ತೇವಂತೆ! ನಾನು ಚಿಕ್ಕವನಿದ್ದಾಗ ಜಗಳೂರಿಗೆ ಸಿಡುಬಿನ ಲಸಿಕೆ ಹಾಕಲು ಬಂದವರೂ ಜ್ವರ ಬಂದೀತೆಂದು ಬಾಯಿ ಬಿಟ್ಟಿರಲಿಲ್ಲ. ಜ್ವರ ಬಂತು. ಊರದೇವತೆ ಅಮ್ಮ ಮುನಿದಳೆಂದು ಊರು ಲಸಿಕೆ ಹಾಕಿಸಿಕೊಂಡ ಮನೆಗಳನ್ನು ದೂರ ಇಟ್ಟಿತು. ತಿಳಿದವರು ಕಾರಣ ಮುಚ್ಚಿಟ್ಟರೆ ಜನ ತಮಗೆ ತೋಚಿದ್ದನ್ನು ಹಿಡಿದುಕೊಳ್ಳುತ್ತಾರೆ.

ನಿಮ್ಮಮ್ಮ ಹಿಡಿದುಕೊಂಡದ್ದು ನಿನ್ನನ್ನು. ಬಲೂನು ಹಾಕುವ ದಿನ, ಲಿಂಗವಿಟ್ಟ ಬೆಳ್ಳಿ ಕರಡಿಗೆ ಎಕ್ಸ್‌ರೇಗೆ ಅಡ್ಡವೆಂದು ನರ್ಸಮ್ಮ ಅವಸರ ಮಾಡಿದಾಗ ಅಪ್ಪನ ಕೊರಳಿನ ಲಿಂಗ ಬಿಚ್ಚಿ ಇಟ್ಟುಕೊಂಡವಳು ನೀನು. ಎದೆನೋವು ಮರಳಿದ ದಿನ ಕೊಟ್ರಮ್ಮತ್ತಿಗೆ ಎಲ್ಲರೆದುರು ಅಂದರಲ್ಲ: "ಮೈಮ್ಯಾಲಿನ ಲಿಂಗ ತೆಗೆದ್ಲು, ನರ ಮತ್ತೆ ಮುಚ್ಕಂತು. ಇನ್ನೊಂದ್ಸಲ ತೆಗೆಯಾಕೆ ನಾ ಬಿಡಲ್ಲ. ಅಲ್ಲಿಗೆ ಹೋಗಾದೇ ಬ್ಯಾಡ."

ಅಣ್ಣ ಹೋಗಲಿಲ್ಲ. ಮಣ್ಣಿನ ದಿನ ಅತ್ತಿಗೆ ನಿನ್ನನ್ನು ಹತ್ತಿರವೂ ಬಿಡಲಿಲ್ಲ. ಈಗ ಡಾಕ್ಟರ ಮಾತನ್ನು ಅತ್ತಿಗೆಗೆ ಹೇಳಿದೆ. "ನೀನು ಓದ್ಕಂಡೋನು, ಹೆಂಗಾದ್ರೂ ಹೇಳ್ತೀಯ ಬಿಡಪ್ಪ" ಎಂದು ಎದ್ದು ಒಳಗೆ ಹೋದರು.

ನೀನಾದರೂ ನಂಬು. ನಿನ್ನ ಕೈಯಿಂದ ಏನೂ ಆಗಿಲ್ಲ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ.

ಇತಿ,
ನಿನ್ನ ಚಿಕ್ಕಪ್ಪ
ಪಂಚಾಕ್ಷರಪ್ಪ

ತಾ.ಕ.: ಅಮ್ಮ ಅಂದದ್ದು ಅಪ್ಪನಿಗೆ ಕೇಳಿಸಿತ್ತೇ ಎಂದು ಅದೇ ಸಂಜೆ ನ್ಯಾಮತಿಯ ಬಸ್ ಹತ್ತುವಾಗ ನೀನು ಕೇಳಿದ್ದೆ. ಕೇಳಿಸಿತ್ತು ತಾಯಿ. ಸುಮ್ಮನೆ ಕೂತೆಯೇಕೆ ಎಂದು ಆಮೇಲೆ ಅಣ್ಣನನ್ನು ನಾನೇ ಕೇಳಿದೆ. "ತಿರುಗಿ ಕಟ್ಟುವಾಗ ಲಿಂಗ ಬೆಚ್ಚಗಿತ್ತು ಕಣೋ. ಅಷ್ಟೊತ್ತೂ ಅಂಗೈಯಾಗೇ ಹಿಡ್ಕಂಡಿದ್ಲು" ಎಂದ. ಅದನ್ನೇ ಅತ್ತಿಗೆಗೆ ಹೇಳಬಾರದಿತ್ತೇ ಎಂದೆ. ಗೋಡೆಯ ಕಡೆ ತಿರುಗಿಕೊಂಡ. "ಆಕೆಗೆ ಯಾರ ಮ್ಯಾಲಾದ್ರೂ ಸಿಟ್ಟು ಬೇಕಿತ್ತು. ಮಗಳಾದ್ರೆ ತಡಕಂತಾಳೆ ಅಂದ್ಕಂಡೆ."