ಪಕ್ಷಮಾಸದಲ್ಲಿ ಬರಬೇಕಿದ್ದ ಮಗು

ಸಟನ್ ಕೋಲ್ಡ್‌ಫೀಲ್ಡ್, ಇಂಗ್ಲೆಂಡ್
ಸೋಮವಾರ, ೧೮ ಸೆಪ್ಟೆಂಬರ್ ೨೦೦೬

ಮಗಳೇ ಜಲಜಾ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಆಮೇಲೆ ಬೈಯಲು ಮನಸ್ಸು ಬರುವುದಿಲ್ಲ. ನಿನ್ನೆ ಫೋನಿನಲ್ಲಿ ನಾನು ಕೂಗಿದೆ, ನೀನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ಓದಲು ಬಾರದಿದ್ದರೆ ಕನ್ನಡಕ ಹಾಕಿಕೋ.

ನೀನು ಹೇಳಿದ್ದು ಇಷ್ಟು. ಶುಕ್ರವಾರದ ಸಭೆಯಲ್ಲಿ ಒಂದು ಕೌನ್ಸಿಲ್, ನಮ್ಮ ಕಡೆಯ ಮುನಿಸಿಪಾಲ್ಟಿಯಂಥದ್ದು, ಐದು ಊರು ಸೇರಿ ನಡೆಸುವ ನಿಮ್ಮ ದತ್ತು ಕಚೇರಿಯಿಂದ ಹೊರಗೆ ಹೋಗುತ್ತದೆ. ತಮ್ಮ ಊರಿನ ಒಂದು ಮಗುವಿಗೆ ನೀವು ಗೊತ್ತು ಮಾಡಿದ್ದ ಮನೆಯೂ ಬೇಡ ಎನ್ನುತ್ತದೆ. ನೀನು ಎದುರು ಮಾತಾಡುವುದಿಲ್ಲ, ರಾಜೀನಾಮೆ ಕೊಟ್ಟು ಮನೆಗೆ ಬರುತ್ತೀಯ.

ಬಂದು ಏನು ಮಾಡುತ್ತೀ? ನನ್ನ ಜತೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತೀಯಾ? ಅದನ್ನೂ ನೆಟ್ಟಗೆ ಮಾಡುವವಳಲ್ಲ ನೀನು.

ಆ ಕಚೇರಿ ಕಟ್ಟುವಾಗ ನಿನ್ನನ್ನು ನೋಡಿದ್ದೇನೆ. ಒಂದು ಕೌನ್ಸಿಲ್‌ನಲ್ಲಿ ಮಕ್ಕಳಿದ್ದರು, ಮನೆಗಳಿರಲಿಲ್ಲ. ಪಕ್ಕದ ಕೌನ್ಸಿಲ್‌ನಲ್ಲಿ ಮನೆಗಳಿದ್ದವು, ಹೊಂದುವ ಮಕ್ಕಳಿರಲಿಲ್ಲ. ಆದರೂ ನಮ್ಮ ಮನೆ ನಮ್ಮ ಮಕ್ಕಳಿಗೇ ಎಂದು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಹೊತ್ತು ಮುಳುಗಿದ ಮೇಲೆ ನೆರೆಮನೆಗೆ ಹೆಪ್ಪು ಕೊಡದ ನಮ್ಮ ಓಣಿಯ ಹೆಂಗಸರ ಹಾಗೆ. ನೀನು ಐದು ಬಾಗಿಲು ತಟ್ಟಿ ಐದೂ ಕೌನ್ಸಿಲ್‌ನವರನ್ನು ಒಪ್ಪಿಸಿದೆ. ಈಗ ಒಬ್ಬ ಬಾಗಿಲು ಹಾಕಿಕೊಂಡ ಎಂದು ನೀನೇ ಊರು ಬಿಡುವುದೇ?

ಮಗುವಿನ ಹೆಸರನ್ನು ನೀನು ಹೇಳಲಿಲ್ಲ. ಕಚೇರಿಯ ಮಾತನ್ನು ಮನೆಗೆ ತರುವವಳಲ್ಲ ನೀನು, ಅದು ಗೊತ್ತು. ನನಗೆ ಹೇಳಿದ್ದು ಭಾವನಾ. ನಮ್ಮ ಹಿಂದಿನ ಬೀದಿಯ ಬೆಂಗಳೂರಿನವಳು. ಗಂಡ ವಿನಾಯಕ, ಕಂಪ್ಯೂಟರ್ ಕೆಲಸ. ನೀವು ಗೊತ್ತು ಮಾಡಿದ್ದ ಮನೆ ಇವರದೇ. ಮಗು ರೂಬಿ, ನಾಲ್ಕು ವರ್ಷ. ಅಪ್ಪ ನಮ್ಮ ದೇಶದವನು, ಅಮ್ಮ ಇಲ್ಲಿಯವಳು, ಇಬ್ಬರಿಂದಲೂ ಸಾಕಲಾಗಲಿಲ್ಲ. ಹೋದ ಸೋಮವಾರ ರೂಬಿ ಮೊದಲ ಸಲ ಇವರ ಮನೆ ನೋಡಲು ಬರಬೇಕಿತ್ತು. ಭಾವನಾ ಕೋಣೆಗೆ ಹಳದಿ ಬಣ್ಣ ಬಳಿಸಿದ್ದಳು. ಅದೇ ಬೆಳಗ್ಗೆ ಮಗುವಿನ ಸೋಶಿಯಲ್ ವರ್ಕರ್‌ಗೆ ಫೋನ್ ಮಾಡಿ, ವಿನಾಯಕನಿಗೆ ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಬಂದಿದೆ, ಎರಡು ವಾರ ಮುಂದಕ್ಕೆ ಹಾಕಿ ಎಂದಳಂತೆ.

ಆಫೀಸೂ ಇಲ್ಲ, ಮಣ್ಣೂ ಇಲ್ಲ. ಪಕ್ಷಮಾಸ. ಹಿರಿಯರಿಗೆ ಎಡೆ ಇಡುವ ಹದಿನೈದು ದಿನಗಳಲ್ಲಿ ಯಾವ ಶುಭಕಾರ್ಯವನ್ನೂ ಮಾಡಬಾರದೆಂದು ಅವಳಿಗೆ ಪರಿಚಯದ ಒಬ್ಬ ಮುದುಕಿ ಹೇಳಿದಳಂತೆ. ತಲೆ ಬೆಳ್ಳಗಾದ ಮಾತ್ರಕ್ಕೆ ಬುದ್ಧಿ ಬರುತ್ತದೆಯೇ? ಆ ಮುದುಕಿಯ ಬಾಯಿಗೆ ಬೀಗ ಹಾಕಬೇಕು. ಸೋಶಿಯಲ್ ವರ್ಕರ್ ಏನು ತಿಳಿದುಕೊಂಡಳು? ಈ ಮನೆಯವರಿಗೆ ಮಗುವಿಗಿಂತ ಆಫೀಸು ಹೆಚ್ಚು ಎಂದು. ಅದನ್ನೇ ತನ್ನ ಕೌನ್ಸಿಲ್‌ನ ಮೇಲಿನವರಿಗೆ ತಿಳಿಸಿದಳು. ಬೇರೆ ಊರಿನ ಮನೆಗಳನ್ನು ನಂಬಿದರೆ ಹೀಗೇ ಆಗುವುದು ಎಂದು ಅವರು ಕುಣಿದರು.

ರೂಬಿ ಅವತ್ತು ಕೆಂಪು ಮಳೆಗಾಲದ ಬೂಟು ಹಾಕಿಕೊಂಡು, ಈಗ ಸಾಕುತ್ತಿರುವವರ ಮನೆಯ ಕಿಟಕಿಯಲ್ಲಿ ಕೂತಿದ್ದಳಂತೆ. ಕರೆದೊಯ್ಯಲು ಯಾರೂ ಬರುವುದಿಲ್ಲ, ಇಳಿ ಎಂದರೂ ಸಂಜೆಯವರೆಗೆ ಬೂಟು ಬಿಚ್ಚಲಿಲ್ಲವಂತೆ.

ನಿನ್ನೆ ನೀನು ಫೋನ್ ಇಟ್ಟ ಮೇಲೆ ಚಪ್ಪಲಿ ಮೆಟ್ಟಿಕೊಂಡು ಭಾವನಾಳ ಮನೆಗೆ ಹೋದೆ. ಬಾಗಿಲು ತೆಗೆದವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬಾರದು. ನಿಜ ಯಾಕೆ ಹೇಳಲಿಲ್ಲವೇ ಎಂದೆ. “ಆಂಟಿ, ಪಿತೃಪಕ್ಷ ಅಂದ್ರೆ ನಮ್ಮನ್ನ ಮೂಢರು ಅಂದ್ಕೊಳ್ಳಲ್ವಾ?” ಎಂದಳು. ಈಗ ಕಲ್ಲುಮನಸ್ಸಿನವರು ಎಂದುಕೊಂಡರಲ್ಲ, ಅದು ಚೆಂದವಾಯಿತೇನು ಎಂದೆ. ಅಡುಗೆಮನೆಯಿಂದ ವಿನಾಯಕ, “ನಾನು ಇದನ್ನೆಲ್ಲ ನಂಬಲ್ಲ ಆಂಟಿ” ಎಂದ. ಮತ್ತೆ ನಿನ್ನ ಆಫೀಸಿನ ಹೆಸರು ಯಾಕೆ ಕೊಟ್ಟೆಯಪ್ಪಾ ಎಂದರೆ, “ಭಾವನಾ ನಂಬ್ತಾಳಲ್ಲ” ಎಂದ. ಅವಳು ಮೂಗು ಒರೆಸಿಕೊಂಡು, “ನಾನೆಲ್ಲಿ ನಂಬ್ತೀನಿ? ಮಗು ವಿಷಯ, ರಿಸ್ಕ್ ಯಾಕೆ ಅಂತ ಅಷ್ಟೆ” ಎಂದಳು.

ಇಬ್ಬರೂ ನಂಬದ ಮಾತಿಗೆ ಒಂದು ಮಗು ದಿನವಿಡೀ ಬೂಟು ಹಾಕಿಕೊಂಡು ಕೂತಿತ್ತು, ನೋಡು.

ಆಗ ನಾನು ಹೇಳಿದೆ: ಈ ಹದಿನೈದು ದಿನ ಹಿರಿಯರು ಮನೆಗೆ ಬಂದು ಉಂಡು ಹೋಗುತ್ತಾರೆ. ಬಂದವರು ಎಲೆಯ ಮೇಲಿನ ವಡೆಯನ್ನು ನೋಡುತ್ತಾರೋ, ಮನೆಯಲ್ಲಿ ಮಕ್ಕಳೆಲ್ಲಿ ಎಂದು ನೋಡುತ್ತಾರೋ? ಅವರು ಬರುವ ದಿನವೇ ಮಗು ಬಂದರೆ ಬೇಡವೆನ್ನುವ ಹಿರಿಯರು ಯಾವ ಮನೆಯಲ್ಲಿದ್ದಾರೆ? ನನ್ನ ಮನೆಯಲ್ಲಂತೂ ಇಲ್ಲ. ನಿನ್ನ ಅಪ್ಪ ಇದ್ದಿದ್ದರೆ ಉಣ್ಣುವುದನ್ನು ಬಿಟ್ಟು ಎದ್ದು ಬಂದು ಎತ್ತಿಕೊಳ್ಳುತ್ತಿದ್ದರು.

ಇವತ್ತು ಬೆಳಗ್ಗೆ ಭಾವನಾ ಸೋಶಿಯಲ್ ವರ್ಕರ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಇದನ್ನು ಅವತ್ತೇ ಹೇಳಬಾರದಿತ್ತೇ ಎಂದಳಂತೆ. ತನ್ನ ಅಜ್ಜಿಯೂ ಹೊಸ ಶೂಗಳನ್ನು ಮೇಜಿನ ಮೇಲೆ ಇಡಲು ಬಿಡುತ್ತಿರಲಿಲ್ಲ, ಮನೆಗೆ ಕೇಡು ಎನ್ನುತ್ತಿದ್ದಳು ಎಂದಳಂತೆ. ಅಜ್ಜಿಯರು ಎಲ್ಲ ಕಡೆಯೂ ಅಜ್ಜಿಯರೇ. ತಾನು ಮಾತು ಬದಲಿಸುತ್ತೇನೆ, ಆದರೆ ತೀರ್ಮಾನ ಶುಕ್ರವಾರದ ಸಭೆಯದು. ಅಲ್ಲಿ ಈ ಮನೆಯ ಪರವಾಗಿ ಕಚೇರಿಯ ಮುಖ್ಯಸ್ಥರೇ ನಿಂತು ಮಾತಾಡಬೇಕು ಎಂದಳಂತೆ.

ಮುಖ್ಯಸ್ಥರು ಎಂದರೆ ನೀನು.

ನೀನು ಯಾಕೆ ಬಾಯಿ ಮುಚ್ಚಿಕೊಂಡಿದ್ದೀ ಎಂದು ನನಗೆ ಗೊತ್ತಿಲ್ಲವೇ? ಅವರು ಕನ್ನಡದವರು, ತನ್ನ ಜನವನ್ನು ಕಾಪಾಡುತ್ತಿದ್ದಾಳೆ ಎಂದಾರು ಎಂಬ ಅಂಜಿಕೆ. ಅನ್ನಲಿ. ಬೇರೆಯವರಾಗಿದ್ದರೆ ನೀನು ನಿಲ್ಲುತ್ತಿದ್ದೆಯೋ ಇಲ್ಲವೋ? ನಿಲ್ಲುತ್ತಿದ್ದರೆ ಇವರಿಗೂ ನಿಲ್ಲು. ನಮ್ಮವರು ಎಂದು ಕೊಡುವುದು ಎಷ್ಟು ತಪ್ಪೋ, ನಮ್ಮವರು ಎಂದು ಕೊಡದಿರುವುದೂ ಅಷ್ಟೇ ತಪ್ಪು. ಆ ಕೌನ್ಸಿಲ್ ಹೋಗುವುದಾದರೆ ಹೋಗಲಿ, ನಾಳೆ ಮತ್ತೆ ಬಾಗಿಲು ತಟ್ಟಿದರಾಯಿತು. ರೂಬಿಗೆ ಮಾತ್ರ ನಾಳೆ ಎಂದು ನಾವು ಹೇಳುವ ಹಾಗಿಲ್ಲ.

ರಾಜೀನಾಮೆ ಹರಿದು ಹಾಕು. ಹೊಟ್ಟೆಗೆ ತಿಂದು ಹೋಗು. ಹಸಿದರೆ ನಿನ್ನ ದನಿ ಏಳುವುದಿಲ್ಲ, ಸಣ್ಣವಳಿದ್ದಾಗಿನಿಂದಲೂ ಹಾಗೆಯೇ.

ಇಗೋ, ಉಳಿಸಿಟ್ಟ ಆಶೀರ್ವಾದವನ್ನೆಲ್ಲ ಇಲ್ಲಿ ಸುರಿದಿದ್ದೇನೆ.

ನಿನ್ನ ಅವ್ವ,
ಕಾಶೀಬಾಯಿ

ತಾ.ಕ.: ಭಾವನಾಳಿಗೆ ಹಾಗೆ ಹೇಳಿದ ಹಿರಿಯಳು ಯಾರು ಎಂದು ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. ಸುತ್ತಿ ಬಳಸಬೇಡ. ನಮ್ಮ ಅವ್ವ ಎಂದೇ ಹೇಳು. ಭಾವನಾ ಫೋನ್ ಮಾಡಿದಾಗ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಪೂರ್ತಿ ಕೇಳಿಸಿಕೊಳ್ಳದೆ, “ಅಯ್ಯ, ಪಕ್ಷಮಾಸದಾಗ ಯಾರರ ಮಗೂನ್ನ ಮನೀಗೆ ತರತಾರೇನ?” ಎಂದು ಇಟ್ಟುಬಿಟ್ಟೆ. ಫೋನ್ ಇಡುವುದನ್ನು ನೀನು ಕಲಿತದ್ದೂ ನನ್ನಿಂದಲೇ ಇರಬೇಕು. ಶುಕ್ರವಾರ ಅಮಾವಾಸ್ಯೆ, ಅಪ್ಪನ ಎಡೆಯನ್ನು ನಿನ್ನ ಅಣ್ಣ ಅಶೋಕ ಇಡುತ್ತಾನೆ. ನಾನು ಬೆಳಗಿನ ಬಸ್ಸಿಗೆ ಬಂದು ನಿಮ್ಮ ಸಭೆಯ ಬಾಗಿಲಲ್ಲಿ ಕೂತಿರುತ್ತೇನೆ, ಕರೆದರೆ ಒಳಗೆ ಬರುತ್ತೇನೆ. ರೂಬಿಯನ್ನು ಕಿಟಕಿಯಲ್ಲಿ ಕೂರಿಸಿದ್ದು ನನ್ನ ಬಾಯಿ. ಇಳಿಸುವುದೂ ಅದರದ್ದೇ ಕೆಲಸ.